ಹದಿಮೂರನೆಯವರು

ಮಾರ್ಚ್ ಮೂವತ್ತೊಂದು. ಮುಂಡರಗಿ ರಸ್ತೆಯ ಶೆಡ್ಡಿನಲ್ಲಿ
ರಾತ್ರಿ ಹತ್ತಾದರೂ ತಗಡು ಇನ್ನೂ ಬಿಸಿ.
ವಾಷಿಂಗ್ ಯೂನಿಟ್ಟಿನ ನೀಲಿ ನೀರು ಚರಂಡಿಯಲ್ಲಿ
ಯಾರನ್ನೂ ಕೇಳದೆ ಹರಿಯುತ್ತಿದೆ.
ನನ್ನ ಮುಂದೆ ಅರವತ್ತು ಹೆಸರು,
ಹೆಸರಿನೆದುರು ಒಂದೊಂದು ಸಂಖ್ಯೆ:
ನಾಲ್ಕು ವರ್ಷ ನಿಂತರೆ
ಈ ಜೀನ್ಸ್ ಕಂಪನಿಯ ಇಷ್ಟು ಶೇರು, ಅಂದಿನ ದರಕ್ಕೇ, ನಿಮಗೆ.

ಮೊದಲ ವರ್ಷ ಸಾಹುಕಾರರು ಕೇಳಿದ್ದರು:
"ಗಲ್ಲಾದಾಗಿಂದ ಒಂದು ರೂಪಾಯಿ ಹೊರಗ ಹೋಗಿಲ್ಲ,
ಮತ್ತ ಇದು ಹೆಂಗ ಖರ್ಚಾತು, ಹುಲಿಗೆಮ್ಮ?
ಲಾಭಾನ ತಿಂದು ಹಾಕೇತಲ್ಲ!"
ನಾನು ಕಿಟಕಿಯಾಚೆ ತೋರಿಸಿದೆ.
ಮೇಜಿನ ಮೇಲೆ ಎಂಬತ್ತು ಪದರ ಡೆನಿಮ್,
ಹೊನ್ನೂರವಲಿ ಮಾಸ್ತರ ಸೀಮೆಸುಣ್ಣದ ಗೆರೆ,
ಗೆರೆ ಬಿಟ್ಟು ಕೂದಲೆಳೆಯಷ್ಟೂ ಸರಿಯದ ಕಟಿಂಗ್ ಯಂತ್ರ.
ಹಣ ಹೋಗಿಲ್ಲ, ಸರ್. ಕೆಲಸ ಬಂದಿದೆ.
ಬಂದದ್ದನ್ನು ಬರೆಯದಿದ್ದರೆ ಪುಸ್ತಕ ಸುಳ್ಳಾಗುತ್ತದೆ.

ಆದರೆ ಎಷ್ಟು ಬಂತು?
ಆ ಕಣ್ಣಳತೆಗೆ, ಬಟ್ಟೆಗೆ ಯಂತ್ರ ತಾಗಿಸುವ ಮುಂಚೆ
ಅವರು ಒಂದು ಗಳಿಗೆ ಸುಮ್ಮನೆ ನಿಲ್ಲುವುದಕ್ಕೆ, ದರಪಟ್ಟಿಯಿಲ್ಲ.
ಲೆಕ್ಕದ ನಿಯಮಕ್ಕೂ ಇದು ಗೊತ್ತು; ಒಪ್ಪಿಕೊಂಡೇ ಹೇಳುತ್ತದೆ:
ಪಡೆದದ್ದನ್ನು ಅಳೆಯಲಾರೆ, ಕೊಟ್ಟದ್ದನ್ನು ಅಳೆ.
ಕೊಟ್ಟದ್ದೋ, ಇನ್ನೂ ಕೊಟ್ಟಿಲ್ಲದ್ದು.

ಹೈದರಾಬಾದಿನಿಂದ ಮೌಲ್ಯ ಕಟ್ಟುವವನೊಬ್ಬ ಬಂದ.
ಪೇಟೆ ಕಾಣದ ಶೇರಿಗೂ ಪೇಟೆಯ ಏರಿಳಿತ ಬೇಕು ಎಂದ,
ತಿರುಪ್ಪೂರಿನ, ಅಹಮದಾಬಾದಿನ ಕಂಪನಿಗಳಿಂದ ಕಡ ತಂದ,
ನೆರೆಮನೆಯಿಂದ ಹೆಪ್ಪು ತಂದ ಹಾಗೆ.
ಮೊಸರಾಯಿತು: ಒಂದಕ್ಕೆ ಎಂಬತ್ತನಾಲ್ಕು ರೂಪಾಯಿ.
ಮಾಸ್ತರಿಗೆ ನಾನೂರು. ಮೂವತ್ತಮೂರು ಸಾವಿರದ ಆರುನೂರು.
ವರ್ಷಕ್ಕೆ ಎಂಟು ಸಾವಿರದ ನಾನೂರರಂತೆ
ಅವರ ನಾಲ್ಕು ಬೇಸಿಗೆಯ ಮೇಲೆ ಸಮನಾಗಿ ಹರಡಿದೆ.

ಮಾಸ್ತರು ಅದನ್ನು ಕಾಗದದ ಬಿರಿಯಾನಿ ಎನ್ನುತ್ತಾರೆ,
ನಗುತ್ತಾರೆ. ಕಾಗದವನ್ನು ಮಾತ್ರ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರಂತೆ.

ಗುಂಡಿ ಹಚ್ಚುವ ಎರ್ರೆಮ್ಮ ಎರಡು ವರ್ಷ ಮುಗಿಸಿ
ಕೌಲ್‌ಬಜಾರಿನ ಇನ್ನೊಂದು ಶೆಡ್ಡಿಗೆ ಹೋದಳು,
ತಿಂಗಳಿಗೆ ಎಂಟುನೂರು ಹೆಚ್ಚು; ಕೈಗೆ ಬರುವ ಎಂಟುನೂರು.
ಬಿಟ್ಟುಹೋಗುವವರ ಅಂದಾಜು ಹನ್ನೊಂದಿದ್ದದ್ದು ಹನ್ನೆರಡಾಯಿತು.
ಅವಳ ಹೆಸರಲ್ಲಿ ಬರೆದ ಆರು ಸಾವಿರದ ಮುನ್ನೂರನ್ನು
ತಿರುಗಿ ತೆಗೆದೆ, ಅವಳು ಬಂದೇ ಇರಲಿಲ್ಲವೆಂಬಂತೆ.
ಸೊಲ್ಲಾಪುರದಲ್ಲೋ ಗುಂಟೂರಿನಲ್ಲೋ ಯಾವನೋ ಹುಡುಗ
ಅವಳ ಗುಂಡಿಯನ್ನು ಈಗಲೂ ದಿನಾ ಬೆಳಿಗ್ಗೆ ಹಾಕಿಕೊಳ್ಳುತ್ತಿರಬಹುದು.
ಆ ಗುಂಡಿಗೆ ನನ್ನ ಬಳಿ ಖಾತೆಯಿಲ್ಲ.

ಆದರೆ ಅದೇ ನಿಯಮ, ಇನ್ನೊಂದು ಪುಟದಲ್ಲಿ:
ನಾಲ್ಕು ವರ್ಷ ತುಂಬಿದ ಮೇಲೆ ಶೇರಿನ ಬೆಲೆ ಕುಸಿದು
ಮಾಸ್ತರು ಒಂದನ್ನೂ ಕೊಳ್ಳದೆ ಬಿಟ್ಟರೂ
ಬರೆದ ಖರ್ಚನ್ನು ಅಳಿಸುವಂತಿಲ್ಲ.
ಕತ್ತರಿಸಿದ್ದು ಕತ್ತರಿಸಿದ್ದೇ.
ಅದನ್ನು ಓದಿದ ರಾತ್ರಿ ನಾನು ಎರಡು ಸಲ ಚಹಾ ಕುಡಿದೆ.

ಈಗ ಕೊನೆಯ ಸಾಲು. ಮೂರನೆಯ ವರ್ಷದ ಅಂದಾಜು:
ನಾಲ್ಕು ತುಂಬುವ ಮೊದಲು ಒಟ್ಟು ಎಷ್ಟು ಮಂದಿ ಹೋಗುತ್ತಾರೆ?
ಕೈಯಲ್ಲಿರುವ ಮಾಹಿತಿಯನ್ನೆಲ್ಲ ಬಳಸು, ಎನ್ನುತ್ತದೆ ನಿಯಮ.
ನನ್ನ ಡ್ರಾದಲ್ಲಿ, ಸ್ಟೇಪ್ಲರ್ ಡಬ್ಬಿಯ ಕೆಳಗೆ,
ತೋರಣಗಲ್ಲಿನ ಕಂಪನಿಯೊಂದರ ಪತ್ರವಿದೆ.
ಒಂಬತ್ತು ದಿನವಾಯಿತು. ಮನೆಯಲ್ಲೂ ಹೇಳಿಲ್ಲ.
ಅರವತ್ತರಲ್ಲಿ ನನ್ನದು ನಲವತ್ತೇಳನೆಯ ಹೆಸರು.

ಹನ್ನೆರಡನ್ನು ಅಳಿಸಿ ಹದಿಮೂರು ಒತ್ತಿದೆ.
ಲಾಭ ಒಂದಿಷ್ಟು ಏರಿತು.
ಆಡಿಟರ್ ಕೇಳಿದರೆ ಅನುಭವದ ಅಂದಾಜು ಎನ್ನಬೇಕು.

ಹೊರಗೆ ಗೇಟಿನ ಬಳಿ ಮಾಸ್ತರು ಸ್ಕೂಟರ್ ಒದೆಯುತ್ತಿದ್ದರು.
"ಬಿಡ್ಲೇನಮ್ಮ, ಮೋತಿ ಸರ್ಕಲ್ ತನಕ?"
ಬಿಡುವುದು ಎಂದದ್ದಕ್ಕೆ
ಒಂದು ಕ್ಷಣ ಉತ್ತರ ಹೊರಡಲಿಲ್ಲ ನನಗೆ.