ಬಿಚ್ಚಬೇಡಿ, ಹಾಗೇ ತಿನ್ನಿ

ಗಾಜಿನ ತಟ್ಟೆಯಲ್ಲಿ ನಿನ್ನೆ ಸುರಿದ ಗಂಜಿ
ಬೆಳಗಾಗುವಷ್ಟರಲ್ಲಿ ಹಾಳೆಯಾಗಿದೆ.
ಉಗುರಿನಿಂದ ಮೂಲೆ ಎಬ್ಬಿಸಿ, ಉಸಿರು ಬಿಗಿಹಿಡಿದು
ಸುಲಿಯುತ್ತೇನೆ. ಈರುಳ್ಳಿಯ ಒಳಪೊರೆಯಂತೆ
ಬೆಳಕು ದಾಟಿಸುತ್ತ ಬರುತ್ತದೆ:
ಮರಗೆಣಸಿನ ಪಿಷ್ಟ, ಒಂದಿಷ್ಟು ಗ್ಲಿಸರಿನ್,
ನೂರಕ್ಕೆ ಅರ್ಧ ಪಾಲು ಲವಂಗದೆಣ್ಣೆ.
ಎಣ್ಣೆ ಕಮ್ಮಿಯಾದರೆ ಬೂಷ್ಟು ಗೆಲ್ಲುತ್ತದೆ,
ಹೆಚ್ಚಾದರೆ ನಾಲಗೆ ಸೋಲುತ್ತದೆ.

ಹನ್ನೊಂದು ದಿನ.
ಬರಿಮೈಯ ಅಚ್ಚುಬೆಲ್ಲ ಬೆವರಿ, ಬೂದು ಮೀಸೆ ಬಿಟ್ಟಿತು.
ಹಾಳೆ ಹೊದ್ದದ್ದು
ಅಚ್ಚಿನಿಂದ ಈಗಷ್ಟೇ ಬಿದ್ದಂತೆ ಸುಮ್ಮನೆ ಕೂತಿತ್ತು.

ಮೈಸೂರಿನಿಂದ ಪ್ಯಾಸೆಂಜರ್ ಗಾಡಿ, ಮಂಡ್ಯದಿಂದ ಆಟೊ,
ಕೆರಗೋಡಿನಾಚೆ ಆಲೆಮನೆ.
ಕೊಪ್ಪರಿಗೆಯ ಮುಂದೆ ಚಿಕ್ಕತಮ್ಮಯ್ಯ.
ಅವರ ಕೈಯ ಬೆಲ್ಲ ಅವರ ಕೈಗೇ.
"ಬಿಚ್ಚಬ್ಯಾಡ್ವಾ?"
"ಬೇಡ, ಹಾಗೇ ತಿನ್ನಿ."
"ಕವರು ತಿನ್ನೋ ಕಾಲ ಬಂತಲ್ಲವ್ವಾ!"
ನಗುತ್ತಲೇ ಕಚ್ಚಿದರು. ನಗು ನಿಂತಿತು.
ಒಲೆಗೆ ರಚ್ಚು ತುಂಬುತ್ತಿದ್ದ ಹುಡುಗನೂ ತಿರುಗಿ ನೋಡಿದ.

"ನಮ್ಮ ಹೊಂಬಾಳಮ್ಮ
ದವಡೆಗೆ ಹತ್ತಿ ಇಟ್ಕೊಂಡು ಮಲಗ್ತಿದ್ಲು.
ಇದೇ ವಾಸನೆ.
ದಿಂಬೆಲ್ಲ ಇದೇ."

ಕಾಗದ ತೆಗೆದೆ. ಬಣ್ಣ, ಜಗಿತ, ರುಚಿ...
"ಪರಿಮಳಕ್ಕೆ ಒಂಬತ್ತರಲ್ಲಿ ಎಷ್ಟು ಹಾಕ್ಲಿ?"
ಬೆರಳಿಗಂಟಿದ ಚೂರನ್ನೂ ನೆಕ್ಕಿ,
"ಇನ್ನೊಂದು ಐತಾ?" ಅಂದರು.

ಆ ಚೌಕ ಖಾಲಿ ಬಿಟ್ಟೆ.

ಸಂಜೆ ಪಾಂಡವಪುರ ದಾಟುವಾಗ
ಹಳಿಯುದ್ದಕ್ಕೂ ಗುಟ್ಕಾ ಚೀಟಿಗಳು ಮಿನುಗುತ್ತಿದ್ದವು.
ನನ್ನ ಚೀಲದಲ್ಲಿ ಬಿಸಾಡಲು ಏನೂ ಉಳಿದಿರಲಿಲ್ಲ.
ಬೆರಳಲ್ಲಿ ಮಾತ್ರ
ನಾನು ಕಂಡೇ ಇರದ ಹೆಂಗಸಿನ
ದಿಂಬಿನ ವಾಸನೆ.