ಆರು ಕಿವಿಯ ಭರಣಿ

ಆಗೆಲ್ಲ ಕಟಿಬಾಸ್ ನದಿ ಹತ್ತಲು ಎರಡು ಹಗಲು.
ದೋಣಿಯಲ್ಲಿ ಎಂಜಿನ್ನು ಎರಡು.
ಒಂದು ಓಡಿಸಲಿಕ್ಕೆ,
ಇನ್ನೊಂದು ಗೋಣಿ ಸುತ್ತಿದ್ದು, ಕೊಟ್ಟು ಬರಲಿಕ್ಕೆ.
ಸಿಬು ಪೇಟೆಯಲ್ಲಿ ನನಗೆ ಹೆಸರೇ ಭರಣಿ ತಿಯೊಂಗ್.

ಕಣ್ಣು ಕಟ್ಟಿಬಿಡಿ, ಬೆರಳಿಟ್ಟು ಹೇಳುತ್ತಿದ್ದೆ:
ಇದು ಸಮುದ್ರ ದಾಟಿ ಬಂದ ಚೀನದ ಮಣ್ಣು,
ಇದು ನಿನ್ನೆ ಮೊನ್ನೆ ಕುಚಿಂಗಿನಲ್ಲಿ ಬೆಂದದ್ದು.
ಈ ಜೇನುಗಂದು ಮೆರುಗು ಬರಿಯ ಬೂದಿ,
ಆವಿಗೆಯೊಳಗೆ ನೀರಾಗಿ ಇಳಿದದ್ದು.
ಈ ಹನಿ, ಇಗೋ, ಬೀಳುತ್ತೇನೆಂದು ಹೊರಟು
ಮುನ್ನೂರು ವರ್ಷದಿಂದ ಬೀಳದೆ ನಿಂತಿದೆ.
ಗಿರಾಕಿಗೆ ಹುಚ್ಚು ಹಿಡಿಸುವುದು ಈ ಹನಿಯೇ.
ಅದನ್ನು ಕುಂಬಾರ ಮಾಡಲಿಲ್ಲ, ನೋಡಿ.
ಅವನ ಕೈಮೀರಿ ಆದದ್ದು.

ತಂಬೊಂಗಳ ಭರಣಿ ನನ್ನ ಎದೆಮಟ್ಟ.
ಹೊಟ್ಟೆಯ ಸುತ್ತ, ನಾವು ಲುಂಗ್ ಅನ್ನುವುದು,
ಅವರ ಬಾಯಲ್ಲಿ ನಾಗ, ಒಂದನ್ನೊಂದು ಅಟ್ಟುತ್ತ ಎರಡು.
ಒಂದಕ್ಕೆ ಕಣ್ಣಿಲ್ಲ. ಅಂಟಿಸಿದ ಮಣ್ಣಗುಳಿಗೆ
ಯಾವ ಕಾಲದಲ್ಲೋ ಉದುರಿದೆ.
ಹೆಗಲಲ್ಲಿ ಹಗ್ಗ ಪೋಣಿಸುವ ಕಿವಿ ಆರು.
ಅದಕ್ಕೊಂದು ಹೆಸರಿತ್ತು. ನನಗೆ ಹೇಳಲಿಲ್ಲ.

ಬೆರಳಗೆಣ್ಣಿನಿಂದ ತಟ್ಟಿದೆ. ಸ್ವರ ಬಂತು,
ಬಂದದ್ದು ಬೇಗ ಹೋಗಲಿಲ್ಲ,
ಹಲಗೆನೆಲದ ಸಂದಿನಲ್ಲಿ ಇಳಿದು
ಕೆಳಗೆ ಮಲಗಿದ್ದ ಹಂದಿಗಳ ತನಕ ಹೋಯಿತು.
"ಎಂಜಿನ್ನು, ಅದರ ಮೇಲೆ ನಾನೂರು ರಿಂಗಿಟ್..."
ಅಂದೆನೋ ಇಲ್ಲವೋ, ಮುದುಕಿ ನನ್ನ ಬಾಯಿಗೆ
ಅಂಗೈ ಅಡ್ಡ ಇಟ್ಟಳು. ಅಕ್ಕಿತೌಡಿನ ವಾಸನೆ.
"ಅದರ ಎದುರಿಗೆ ಬೇಡ."

ಸಾಲುಮನೆಯ ಉದ್ದ ಜಗಲಿಯಲ್ಲಿ
ಹದಿನೆಂಟು ಬಾಗಿಲು ದಾಟಿಸಿ ಕೊನೆಗೆ ಕರೆದೊಯ್ದಳು.
ಅಲ್ಲಿ ಒನಕೆಯ ಸದ್ದಿನ ಮರೆಯಲ್ಲಿ
ಪಿಸುಪಿಸು ಚೌಕಾಸಿ,
ರೋಗಿಯನ್ನು ಒಳಗೆ ಬಿಟ್ಟು
ಡಾಕ್ಟರು ಹೊರಗೆ ಕರೆದು ಹೇಳುತ್ತಾರಲ್ಲ, ಹಾಗೆ.
ಮೊಮ್ಮಗ ಜೆಲಿಯಾ ಶಾಲೆಗೆ ಹೊಳೆ ಇಳಿಯಬೇಕಿತ್ತು.
ಎಂಜಿನ್ನು ಬೇಕಿತ್ತು. ಅಷ್ಟೆ.

ಬರಿದಾಗಿ ಕಳಿಸಬಾರದೆಂದು ಒಳಗೆ ಒಂದು ಹಿಡಿ ಅಕ್ಕಿ.
ಆರು ಕಿವಿಗೂ ಹತ್ತಿ.
"ಸ್ನಾನಕ್ಕೆ ಹೋಗಿ ಬಾ" ಅಂದಳು ಅದಕ್ಕೆ,
ನನ್ನ ಕಡೆ ನೋಡದೆ.
ಇಳಿಯುವ ದಾರಿಯುದ್ದಕ್ಕೂ ನಾನೂ, ಯಾಕೋ,
ತುಟಿ ಬಿಚ್ಚಲಿಲ್ಲ.

ಸಿಂಗಪುರದ ಕ್ವೆಕ್ ಕೆಟ್ಟವನಲ್ಲ. ನಿವೃತ್ತ ದಂತವೈದ್ಯ.
ಅರ್ಧ ತಾಸು ಅಂಗೈ ಒತ್ತಿ ಕೂತಿದ್ದ,
ಹೆಂಡತಿ ಎರಡು ಸಲ ಕಾಫಿ ಬಿಸಿ ಮಾಡಿದಳು.
ಬೆರಳು ಆ ಹನಿಯ ಹತ್ತಿರ ಬಂದಾಗ
ಅವನ ಉಸಿರು ನಿಂತದ್ದು ನನಗೆ ಕೇಳಿಸಿತು.
ಮೋಹ ಸುಳ್ಳಲ್ಲ.
ಆದರೆ ಮೋಹಕ್ಕೂ ಪ್ರಮಾಣಪತ್ರ ಬೇಕು.
ತಳದಲ್ಲಿ ಕೊರೆದರು, ಮೂಗುಬೊಟ್ಟಿನಷ್ಟು ತೂತು.
ಪುಡಿ ವಿಲಾಯತಿಗೆ ಹೋಯಿತು, ಕಾಗದ ಬಂತು:
ಸುಟ್ಟು ಮುನ್ನೂರು ವರ್ಷ, ಐವತ್ತು ಅತ್ತ ಇತ್ತ.
ಕ್ವೆಕ್ ಅದನ್ನು ಗಟ್ಟಿಯಾಗಿ ಓದಿದ,
ಬೆಲೆಯನ್ನೂ ಗಟ್ಟಿಯಾಗಿಯೇ,
ಭರಣಿಯ ಎದುರಿಗೆ.
ಹತ್ತಿಯನ್ನು ಆಗಲೇ ಅವನ ಕೆಲಸದವಳು
ಕಿತ್ತು ಗುಡಿಸಿದ್ದಳು, ಅಕ್ಕಿಯ ಜೊತೆ.
ನನ್ನ ಕೈ ಎದ್ದಿತು. ಅವನ ಬಾಯಿಯ ತನಕ ಹೋಗಲಿಲ್ಲ.

ಹೊರಡುವ ಮುಂಚೆ ತಟ್ಟಿ ನೋಡಿದೆ.
ಸ್ವರ ಅದೇ,
ಅಂದ ಕ್ವೆಕ್.

ಈಗ ನಾನು ಮುದುಕ, ವ್ಯಾಪಾರ ಇಲ್ಲ.
ಅಡುಗೆಮನೆಯಲ್ಲಿ ಅಜ್ಜಿಯ ಭರಣಿಯೊಂದಿದೆ,
ಅಂಥಾದ್ದೇನಲ್ಲ, ಫೂಚೌ ಹಡಗಿನಲ್ಲಿ
ಅವಳ ಕಾಲಸಂದಿಯಲ್ಲಿ ಕೂತು ಬಂದದ್ದು,
ಸಾಸಿವೆಸೊಪ್ಪಿನ ಉಪ್ಪು ಹೊರಗೆ ಬೆವರುವಂಥದ್ದು,
ನಾಲ್ಕು ಕಿವಿ, ಒಂದು ಮುರುಕು.
ಮೊನ್ನೆ ಹುಡುಗನೊಬ್ಬ ಬಂದು ಮೊಬೈಲಿನಲ್ಲಿ ಚಿತ್ರ ತೆಗೆದು
"ಅಂಕಲ್, ಎಷ್ಟಕ್ಕೆ" ಅನ್ನುವಷ್ಟರಲ್ಲಿ
ಹೆಗಲು ಹಿಡಿದು ಬೀದಿಗೆಳೆದೆ,
ಮೀನು ಮಾರ್ಕೆಟ್ಟಿನ ಗದ್ದಲದ ನಡುವಿಗೆ.
ಅಲ್ಲಿ ಹೇಳಿದೆ, ಮಾರುವುದಿಲ್ಲ ಅಂತ.

ಅದನ್ನು ಭರಣಿಯ ಎದುರೇ ಹೇಳಬಹುದಿತ್ತಲ್ಲ,
ಅಂತ ವಾಪಸು ಬರುವಾಗ ಹೊಳೆಯಿತು.