ಕತ್ತಲಾಗದ ಊರಿಗೆ

ಒಲೊಮೌತ್ಸ್ ನ್ಯಾಯಾಲಯದ ಮುದ್ರೆ ಒಣಗಿ ಹದಿನೇಳು ದಿನ.
ಮುದ್ರೆಯ ಪ್ರಕಾರ ನಾನು ತಾಯಿ.
ಉಳಿದದ್ದರ ಪ್ರಕಾರ ಇನ್ನೂ ಗೊತ್ತಿಲ್ಲ.

ನಾಲ್ಕು ವರ್ಷ ಎರಡು ತಿಂಗಳ ಲುಮೀರ್
ಹಿಡಿದಿರುವುದು ಕೆಂಪು ಕೊಡೆಯ ತುದಿಯನ್ನು, ನನ್ನ ಕೈಯನ್ನಲ್ಲ.
ಕೊಡೆಯ ಹಿಡಿ ನನ್ನಲ್ಲಿ.
ಹಾಗೇ, ಒಂದು ಕೊಡೆಯಷ್ಟು ದೂರದಲ್ಲಿ,
ಪ್ರಾಗ್ ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ
ನಡೆಯುತ್ತೇವೆ.

ಟಿಕೆಟ್ ನೋಡುವವಳು ಪಾಸ್‌ಪೋರ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟಳು.
ಕೊನೆಯ ಹೆಸರು ಬೇರೆ ಬೇರೆ. ಸೀಟು ಒಂದೇ ಸಾಲು.
ಅವನತ್ತ ಬಾಗಿ, ಅವನ ಭಾಷೆಯಲ್ಲೇ ಕೇಳಿದಳು:
ಪುಟ್ಟಾ, ಇವರು ನಿನಗೇನಾಗಬೇಕು?
ಅಷ್ಟು ಅರ್ಥವಾಗುವಷ್ಟು ಕಲಿತಿದ್ದೆ, ಚಳಿಗಾಲವಿಡೀ,
ನಮ್ಮೂರ ಈಜುಕೊಳದ ಬಾಗಿಲಲ್ಲಿ ಚೀಟಿ ಹರಿಯುತ್ತಾ.

ಅವನು ಯೋಚಿಸಿದ.
ನಾಲ್ಕರ ಮಗು ಅಷ್ಟು ಹೊತ್ತು ಯೋಚಿಸಬಾರದು.
ನನ್ನ ಬೂಟು ನೋಡಿದ, ಕೊಡೆ ನೋಡಿದ, ಆಮೇಲೆ
"ತೆತಾ" ಅಂದ.

ತೆತಾ ಅಂದರೆ ಚಿಕ್ಕಮ್ಮ.
ಅವನಿದ್ದ ಮನೆಯಲ್ಲಿ ಸೂಪು ಬಡಿಸುವವಳು ತೆತಾ,
ಉಗುರು ಕತ್ತರಿಸುವವಳು ತೆತಾ,
ರಾತ್ರಿ ಬಂದು ಬೆಳಗಾಗುತ್ತಲೇ ಕೋಟು ತೊಟ್ಟು ಹೋಗುವವಳು ತೆತಾ.
ಲೋಕದ ಹೆಂಗಸರೆಲ್ಲ ತೆತಾ,
ಪಾಳಿ ಮುಗಿಯುವವರೆಗೆ.

ಲಕೋಟೆ ಬಿಚ್ಚಿದೆ. ಮೂವತ್ತೊಂದು ಹಾಳೆ.
ಅನುವಾದ, ಅನುವಾದಕ್ಕೊಂದು ದೃಢೀಕರಣ,
ದೃಢೀಕರಣದ ಮೇಲೊಂದು ಮುದ್ರೆ.
ಸಾಲಿನಲ್ಲಿ ಹಿಂದಿನವರ ನಿಟ್ಟುಸಿರು ನನ್ನ ಕತ್ತಿಗೆ ತಾಗಿತು.
ಹತ್ತೊಂಬತ್ತನೆಯ ಹಾಳೆಯಲ್ಲಿ ಅವಳು ನಿಂತು, ಓದಿ,
ಏನೂ ಅನ್ನದೆ ಕಿಟಕಿ ಪಕ್ಕದ ಸೀಟು ಕೊಟ್ಟಳು.

ಮೋಡಕ್ಕೆ ಹೊಕ್ಕಾಗ ವಾಂತಿ ಮಾಡಿಕೊಂಡ, ನನ್ನ ಬೊಗಸೆಗೆ.
ಬಿಸಿಯಾಗಿತ್ತು.
ಅದೇ ಮೊದಲು, ನನ್ನ ಕೈಯನ್ನು ತಳ್ಳಲಿಲ್ಲ.

ಆಮೇಲೆ ಕೊಟ್ಟ ಬನ್ನು ತಿನ್ನಲಿಲ್ಲ, ಜೇಬಿಗಿಟ್ಟ.
ನನ್ನದನ್ನೂ ಕೇಳಿದ. ಕೇಳಲಿಲ್ಲ, ನೋಡಿದ.
ಅದೂ ಜೇಬಿಗೆ.
ಕೋಪನ್‌ಹೇಗನ್‌ನಲ್ಲಿ ವಿಮಾನ ಬದಲಿಸುವಾಗ
ಆ ಎರಡು ಜೇಬನ್ನೂ ಅಂಗೈಯಿಂದ ಮುಚ್ಚಿಕೊಂಡೇ ನಡೆದ.
ಕೊಡೆ ನಾನೊಬ್ಬಳೇ ಹಿಡಿದೆ.

ಕೆಫ್ಲಾವಿಕ್‌ನಲ್ಲಿ ಅಣ್ಣ ಸ್ನೈಬ್ಯೋರ್ನ್, ಅವನ ವ್ಯಾನು,
ವ್ಯಾನಿನ ತುಂಬ ಒಣಮೀನಿನ ವಾಸನೆ.
ಕಪ್ಪು ಕಲ್ಲು, ಕಲ್ಲಿನ ಮೇಲೆ ಪಾಚಿ, ಮತ್ತೆ ಕಲ್ಲು.
ಗಾಜಿಗೆ ಮೂಗೊತ್ತಿ ಎಷ್ಟೋ ಹೊತ್ತು ನೋಡಿ ಲುಮೀರ್ ಕೇಳಿದ:
ಮರಗಳನ್ನೆಲ್ಲ ಯಾರು ತಗೊಂಡು ಹೋದರು?

ಅಣ್ಣನಿಗೆ ಹೇಳಿದೆ. ಅವನು ನಗಲಿಲ್ಲ.
"ನಮ್ಮ ಮುತ್ತಜ್ಜಂದಿರು. ಒಲೆಗೆ ಹಾಕಿದರು, ಉಳಿದದ್ದು ಕುರಿಗೆ.
ಹೇಳು ಅವನಿಗೆ, ಕಳ್ಳರು ನಾವೇ."
ಅಷ್ಟು ಚೆಕ್ ನನಗೆ ಬರುವುದಿಲ್ಲ.
ನೆಡೋಣ, ಅಂದೆ. ಆ ಒಂದು ಪದ ಗೊತ್ತಿತ್ತು.

ನಮ್ಮಲ್ಲಿ ಮನೆತನದ ಹೆಸರಿಲ್ಲ.
ಅಪ್ಪನ ಹೆಸರಿಗೆ 'ಮಗ' ಎಂದು ಹೊಲಿಯುತ್ತಾರೆ,
ಅಪ್ಪನಿಲ್ಲದ ಕಡೆ ಅಮ್ಮನ ಹೆಸರಿಗೆ.
ಲುಮೀರ್ ಸ್ಟೇನುನ್ನಾರ್ಸನ್.
ದಾರಿಯುದ್ದಕ್ಕೂ ಬಾಯೊಳಗೇ ಹೇಳಿ ನೋಡಿದೆ.
ಇನ್ನು ಊರು ಬೈದರೂ ನನ್ನ ಹೆಸರು ಹಿಡಿದೇ ಬೈಯಬೇಕು.

ಹೂಸಾವಿಕ್ ಮುಟ್ಟಿದಾಗ ರಾತ್ರಿ ಹನ್ನೊಂದೂವರೆ.
ಕೊಲ್ಲಿಯ ನೀರಿನ ಮೇಲೆ ಇಳಿಹೊತ್ತಿನ ಬಿಸಿಲು.
ಹೊಸ ಮಂಚದ ಮೇಲೆ ಕೂತ. ಬೂಟು ಬಿಚ್ಚಲಿಲ್ಲ.
ಮಲಗು ಅಂದೆ. ಕಿಟಕಿ ತೋರಿಸಿದ.
ತ್ಮಾ ಬರಲಿ, ಅಂದ.

ತ್ಮಾ ಅಂದರೆ ಕತ್ತಲೆ.
ಕತ್ತಲಾದ ಮೇಲೆ ಮಲಗುವುದು ಆ ಮನೆಯ ಕಾನೂನು;
ಮಲಗಿದ ಮೇಲೆ ತೆತಾ ಬದಲಾಗುವುದೂ.
ಜುಲೈ ಮುಗಿಯುವ ತನಕ ಇಲ್ಲಿ ಕತ್ತಲೇ ಇಲ್ಲ ಮರೀ,
ಹೇಗೆ ಹೇಳಲಿ?

ಕಿಟಕಿಗೆ ಕಂಬಳಿ ಇಟ್ಟು ಮೊಳೆ ಹೊಡೆದೆ.
ಅಂಚಿನಿಂದ ಜಿನುಗಿತು ಬೆಳಕು, ತೂತುಬಿದ್ದ ದೋಣಿಗೆ ನೀರು ಬಂದಂತೆ.
ಹನ್ನೆರಡೂವರೆ. ಒಂದು.
ಅವನು ಕಾಯುತ್ತಿದ್ದುದು ಕತ್ತಲೆಗೋ
ನಾನು ಕೋಟು ತೊಡುವುದಕ್ಕೋ.

ನೆಲದ ಮೇಲೆ ಕೂತೆ, ಮಂಚಕ್ಕೆ ಬೆನ್ನು ಕೊಟ್ಟು.
ಕೋಟು ಅಲ್ಲೇ ಗೂಟದಲ್ಲಿ.

ಎರಡಾಗುವ ಹೊತ್ತಿಗೆ ಹಿಂದಿನಿಂದ
ಬನ್ನಿನ ಪುಡಿ ಮೆತ್ತಿದ ಎರಡು ಪುಟ್ಟ ಅಂಗೈ
ನನ್ನ ಕಣ್ಣ ಮೇಲೆ ಬಂದು ಕೂತವು.
"ತ್ಮಾ," ಅಂದ, ಗಟ್ಟಿಯಾಗಿ, ತೆತಾಗಳ ದನಿಯಲ್ಲಿ.

ಬೆರಳ ಸಂದಿಯಲ್ಲಿ ಕೆಂಪಗೆ ಬೆಳಕಿತ್ತು.
ಹೇಳಲಿಲ್ಲ.
ಕಣ್ಣು ಮುಚ್ಚಿಕೊಂಡೆ,
ಹೇಳಿದ ಮಾತು ಕೇಳುವ ಮಗುವಿನ ಹಾಗೆ.